ಬಿ.ಪಿ. ಗುಳಿಗೆಯ ಹೊತ್ತುಗೊತ್ತು

ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಗುಳಿಗೆಯ ಹೆಸರಿನ ಮುಂದೆ ಮೂರು ಅಂಕಿ ಇರುತ್ತವೆ. 1-0-0 ಎಂದರೆ ಮುಂಜಾನೆ ಒಂದು, 0-0-1 ಎಂದರೆ ರಾತ್ರಿ ಒಂದು. ಧಾರವಾಡದಲ್ಲಿ ಔಷಧ ಅಂಗಡಿ ಇಟ್ಟುಕೊಂಡೇ ಬದುಕಿದ ನನ್ನ ಕೈಗೆ ಬಂದ ಬಿ.ಪಿ. ಚೀಟಿಗಳಲ್ಲಿ ಬಹುಪಾಲು 1-0-0. ಓದು ಬಾರದವರಿಗೆ ಕವರಿನ ಮೇಲೆ ಒಂದು ಸೂರ್ಯನನ್ನು ಬರೆದುಕೊಡುತ್ತೇನೆ. ಚಂದ್ರನನ್ನು ಬರೆಯುವ ಸಂದರ್ಭ ಹೆಚ್ಚಾಗಿ ಬರುವುದು ಕೊಬ್ಬಿನ ಗುಳಿಗೆಗೆ, ನಿದ್ದೆಯ ಗುಳಿಗೆಗೆ.

ಇದನ್ನು ಪ್ರಶ್ನಿಸುವವರು ಕಡಿಮೆ. ಖಾನಾವಳಿ ನಡೆಸುವ ಅಕ್ಕ ಒಬ್ಬರು ಪ್ರಶ್ನಿಸಿದರು. "ಅಣ್ಣಾರ, ಮುಂಜಾನೆ ನಾಕಕ್ಕ ಎದ್ದು ಒಲಿ ಮುಂದ ಕುಂತ್ರ ನನಗ ಗುಳಿಗಿ ನೆನಪ ಇರೂದಿಲ್ರೀ. ರಾತ್ರಿ ತಗೊಂಡ್ರ ನಡಿಯೂದಿಲ್ಲೇನು?" ಅವರದು ಭಾರೀ ಮೈ, ತೋಳು ದಪ್ಪ. "ಡಾಕ್ಟರನ್ನು ಕೇಳಿ" ಎಂದು ಕೈತೊಳೆದುಕೊಳ್ಳಬಹುದಿತ್ತು, ಕೇಳಲೂ ಹೇಳಿದೆ. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿತು. ಮುಂಜಾನೆ ಎಂದು ಗೊತ್ತು ಮಾಡಿದವರು ಯಾರು? ಯಾವಾಗ? ಯಾವ ಆಧಾರದ ಮೇಲೆ? ಹುಡುಕುತ್ತಾ ಹೋದಂತೆ ತಿಳಿದದ್ದು ಇಷ್ಟು: ಮುಂಜಾನೆಯ ಗುಳಿಗೆ ಒಂದು ರೂಢಿ, ಯಾರೂ ಪರೀಕ್ಷೆ ಮಾಡಿ ನಿಲ್ಲಿಸಿದ ನಿಯಮವಲ್ಲ. ಆ ರೂಢಿಯನ್ನು ಪರೀಕ್ಷೆಗೆ ಒಡ್ಡುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ದಪ್ಪ ಮೈಯವರ ಮಟ್ಟಿಗಂತೂ ಹೊತ್ತಿನ ಪ್ರಶ್ನೆಗಿಂತ ಮೊದಲು ಇತ್ಯರ್ಥವಾಗಬೇಕಾದ ಬೇರೆ ಪ್ರಶ್ನೆಗಳಿದ್ದವು. ಅವು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ರಕ್ತದೊತ್ತಡಕ್ಕೆ ಗುಳಿಗೆ ನುಂಗುವುದೇ ಈಚಿನ ಸಂಗತಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ಈ ಕಥೆಯ ಆರಂಭದಲ್ಲಿದೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಏರಿದ ಒತ್ತಡವನ್ನು ಇಳಿಸುತ್ತದೆ ಎಂದು ಬರೆದರು. ಈಗ ಬೆಂಗಳೂರಿನಲ್ಲಿ ನೆಲೆಯೂರಿರುವ ಹಿಮಾಲಯ ಕಂಪನಿ 1934ರಲ್ಲಿ, ಡೆಹ್ರಾಡೂನಿನ ದಿನಗಳಲ್ಲಿ, ಆ ಬೇರಿನಿಂದಲೇ 'ಸರ್ಪಿನಾ' ಗುಳಿಗೆ ಮಾಡಿತು. ಮುಂಬೈಯ ರುಸ್ತಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ತಮ್ಮ ರೋಗಿಗಳ ಅನುಭವ ಪ್ರಕಟಿಸಿದ ಮೇಲೆ ಹೊರಗಿನ ಜಗತ್ತು ಕಣ್ಣುಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಈ ಸಾಲಿನಲ್ಲಿ ನಮ್ಮವರ ಹೆಸರುಗಳು ಇನ್ನೂ ಎದ್ದು ಕಾಣಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಕಾಲದಲ್ಲಿ ಹೆಕ್ಸಾಮೆಥೋನಿಯಂ ಎಂಬ ಚುಚ್ಚುಮದ್ದು ಬಂತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹೊರೇಸ್ ಸ್ಮರ್ಕ್ ಅದನ್ನು ಬಳಸಿದರು. ಒತ್ತಡ ಇಳಿಯುತ್ತಿತ್ತು, ಆದರೆ ಎದ್ದು ನಿಂತರೆ ಇನ್ನೂ ಇಳಿದು ಕಣ್ಣು ಕತ್ತಲೆ ಬರುತ್ತಿತ್ತು. ನಿಂತಾಗ ಇಳಿಯುವ ಈ ಗುಣವನ್ನೇ ಸ್ಮರ್ಕ್ ಉಪಯೋಗಕ್ಕೆ ತಂದುಕೊಂಡು, ಮಂಚದ ತಲೆಭಾಗ ಎತ್ತರಿಸಿ ರೋಗಿಗಳನ್ನು ಮಲಗಿಸಿದರು. ಔಷಧಿಯ ಹೊತ್ತು ಮತ್ತು ಮಲಗುವ ಭಂಗಿ ಎರಡನ್ನೂ ಒಟ್ಟಿಗೆ ಯೋಚಿಸಿದವರು ಆಗಲೇ ಇದ್ದರು ಎಂಬುದು ಗಮನಿಸಬೇಕಾದ ಮಾತು.

ಮುಂಜಾನೆಯ ರೂಢಿ ಬೇರೂರಿದ್ದು ಕ್ಲೋರೋಥಯಝೈಡ್‌ನಿಂದ ಎಂದು ನಾನು ತಿಳಿದಿದ್ದೇನೆ. 1958ರಲ್ಲಿ ಮಾರುಕಟ್ಟೆಗೆ ಬಂದ ಮೂತ್ರ ಹೆಚ್ಚಿಸುವ ಗುಳಿಗೆ ಅದು. ಉಪ್ಪು ಮತ್ತು ನೀರನ್ನು ಮೈಯಿಂದ ಹೊರಹಾಕಿಸಿ ಒತ್ತಡ ಇಳಿಸುತ್ತದೆ. ರಾತ್ರಿ ನುಂಗಿದರೆ ನಿದ್ದೆಗೆಟ್ಟು ಬಚ್ಚಲಿಗೆ ಓಡಾಡಬೇಕು, ವಯಸ್ಸಾದವರು ಕತ್ತಲಲ್ಲಿ ಎಡವಿ ಬೀಳುತ್ತಾರೆ. ಹಾಗಾಗಿ ಮುಂಜಾನೆಯೇ ಸರಿ. ಆ ಒಂದು ಗುಳಿಗೆಗೆ ಸರಿಯಾದ ಕಾರಣ ಇತ್ತು. ಮುಂದೆ 1960ರ ದಶಕದಲ್ಲಿ ಪ್ರೊಪ್ರನೊಲಾಲ್, ಆಮೇಲೆ ದಿನಕ್ಕೊಂದರ ಅಟೆನೊಲಾಲ್, 1980ರ ದಶಕದಲ್ಲಿ ಎನಲಾಪ್ರಿಲ್, ಆಮೇಲೆ ಅಮ್ಲೋಡಿಪಿನ್ ಬಂದವು. ಇವು ಯಾವುವೂ ಬಚ್ಚಲಿಗೆ ಓಡಿಸುವುದಿಲ್ಲ. ಆದರೂ ಚೀಟಿಯ ಮೇಲಿನ 1 ಮೊದಲ ಮನೆಯಲ್ಲೇ ಕೂತಿತು.

ಹೊತ್ತಿಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಗಳೆಂದೆನಲ್ಲ, ಅವುಗಳಲ್ಲಿ ಮೊದಲನೆಯದು ತೋಳಿನ ವಿಷಯ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು.

1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಸಿಪಿಯೋನೆ ರಿವಾ-ರೋಚ್ಚಿ ತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಕೊಳವೆಯಲ್ಲಿ ಒತ್ತಡ ಓದುವ ಉಪಾಯ ಕಂಡುಹಿಡಿದರು. ಅವರ ಪಟ್ಟಿಯ ಅಗಲ ಬರೀ 5 ಸೆಂಟಿಮೀಟರ್. ಐದೇ ವರ್ಷದಲ್ಲಿ, 1901ರಲ್ಲಿ, ಸ್ಟ್ರಾಸ್‌ಬರ್ಗ್‌ನ ಹೈನ್ರಿಶ್ ಫಾನ್ ರೆಕ್ಲಿಂಗ್‌ಹೌಸೆನ್ ಅದರ ದೋಷ ತೋರಿಸಿದರು: ಕಿರಿದಾದ ಪಟ್ಟಿ ಇಲ್ಲದ ಒತ್ತಡವನ್ನು ತೋರಿಸುತ್ತದೆ, ಅಗಲ 12 ಸೆಂಟಿಮೀಟರಿನಷ್ಟಾದರೂ ಬೇಕು. ಇವತ್ತಿಗೂ ಸಾಮಾನ್ಯ ಪಟ್ಟಿಯೊಳಗಿನ ಗಾಳಿಚೀಲದ ಅಗಲ ಹೆಚ್ಚುಕಡಿಮೆ ಅಷ್ಟೇ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸೇನಾ ವೈದ್ಯ ನಿಕೊಲಾಯ್ ಕೊರೊಟ್ಕೊವ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳುವ ವಿಧಾನವನ್ನು ಒಂದು ಪುಟಕ್ಕೂ ಕಡಿಮೆ ಬರಹದಲ್ಲಿ ಹೇಳಿ ಮುಗಿಸಿದರು. ನೂರಿಪ್ಪತ್ತು ವರ್ಷವಾದರೂ ಆ ವಿಧಾನ ಬಳಕೆಯಲ್ಲಿದೆ.

ತೋಳು ದಪ್ಪವಿದ್ದರೆ ಆಗುವುದೇನು? ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡ 80ರಷ್ಟನ್ನಾದರೂ ಬಳಸಬೇಕು, ಅದರ ಅಗಲ ಸುತ್ತಳತೆಯ ಶೇಕಡ 40ರಷ್ಟಿರಬೇಕು. ಚಿಕ್ಕ ಚೀಲ ದೊಡ್ಡ ತೋಳಿನ ಮೇಲೆ ಕೂತರೆ, ತುಂಬಿದ ಗಾಳಿಯ ಬಲ ಒಳಗಿನ ಧಮನಿಯವರೆಗೆ ಪೂರ್ತಿ ಮುಟ್ಟುವುದಿಲ್ಲ. ಧಮನಿ ಮುಚ್ಚಬೇಕೆಂದರೆ ಇನ್ನಷ್ಟು ಗಾಳಿ ತುಂಬಬೇಕು. ಆ ಹೆಚ್ಚಿನ ಅಂಕಿಯೇ ರೋಗಿಯ ಒತ್ತಡವೆಂದು ದಾಖಲಾಗುತ್ತದೆ. 1941ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ರೇಗನ್ ಮತ್ತು ಬೋರ್ಡ್ಲಿ, ಧಮನಿಯೊಳಗೆ ನೇರವಾಗಿ ಅಳೆದ ಒತ್ತಡದ ಜೊತೆ ಹೋಲಿಸಿ, ತೋಳಿನ ಗಾತ್ರ ಅಳತೆಯನ್ನು ಕೆಡಿಸುತ್ತದೆ ಎಂದು ತೋರಿಸಿದ್ದರು. ಅದೇ ಸಂಸ್ಥೆಯವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಒತ್ತಡ ಸರಾಸರಿ 19.5 ಮಿ.ಮೀ. ಹೆಚ್ಚು ಬಂತು. 124 ಇರುವವರಿಗೆ 143 ಎಂದಂತಾಯಿತು. ಒತ್ತಡವೇ ಇಲ್ಲದವರು ಗುಳಿಗೆ ನುಂಗಲು ಇಷ್ಟು ಸಾಕು.

ನಮ್ಮ ಅಂಗಡಿಯ ಕೌಂಟರಿನ ಬದಿಯಲ್ಲಿ ಒಂದು ಸ್ಟೂಲು, ಒಂದು ಬಿ.ಪಿ. ಮಷೀನು ಇದೆ. ಖಾನಾವಳಿಯ ಅಕ್ಕನ ತೋಳು ಭುಜದ ಹತ್ತಿರ ಅಗಲ, ಮೊಣಕೈ ಹತ್ತಿರ ಸಣ್ಣ; ಲಾಳಿಕೆಯಂತೆ ಅಂದರೂ ಸರಿ. ಸಾಮಾನ್ಯ ಪಟ್ಟಿ ಸುತ್ತಿದರೆ ಮೇಲಂಚು ಬಿಗಿ, ಕೆಳಂಚಿನಲ್ಲಿ ಎರಡು ಬೆರಳು ತೂರುವಷ್ಟು ಸಡಿಲ. ಅಂಟುಪಟ್ಟಿಯ ತುದಿ ಒಂದಂಗುಲ ಮಾತ್ರ ಹಿಡಿದುಕೊಂಡಿರುತ್ತದೆ. ಗಾಳಿ 150 ದಾಟುತ್ತಿದ್ದಂತೆ ಚರ್ರನೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಕಟ್ಟಬೇಕು, ಮತ್ತೆ ಬಿಚ್ಚಿಕೊಳ್ಳುತ್ತದೆ. ಅಕ್ಕನಿಗೆ ನಾಚಿಕೆ, ಹಿಂದೆ ನಿಂತವರಿಗೆ ಅವಸರ. ಆ ನಾಚಿಕೆಯಲ್ಲೇ ಒತ್ತಡ ಇನ್ನೂ ನಾಲ್ಕು ಅಂಕಿ ಏರುತ್ತದೆ. ದೊಡ್ಡ ಪಟ್ಟಿ ತರಿಸಿ ಇಟ್ಟ ಮೇಲೆ ಈ ಕಷ್ಟ ತಪ್ಪಿತು. ಅದರ ಬೆಲೆ ನಾಲ್ಕಾರು ಸ್ಟ್ರಿಪ್ ಗುಳಿಗೆಯ ಬೆಲೆಗಿಂತ ಬಹಳ ಹೆಚ್ಚೇನಲ್ಲ. ತೋಳಿನ ಸುತ್ತಳತೆ 34 ಸೆಂಟಿಮೀಟರ್ ದಾಟಿದವರಿಗೆ ಅದೇ ಬೇಕು. ಟೇಪು ಹಿಡಿದು ಅಳೆಯುವುದಕ್ಕೆ ಹತ್ತು ಸೆಕೆಂಡು ಸಾಕು. ಆದರೂ ದೊಡ್ಡ ಪಟ್ಟಿ ಇಲ್ಲದ ಕ್ಲಿನಿಕ್ಕುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ.

ಅಳತೆ ಸರಿಹೋಯಿತು ಅಂದುಕೊಳ್ಳೋಣ. ಆದರೂ ಅದು ಹಗಲಿನ ಅಳತೆ. ಕ್ಲಿನಿಕ್ಕು ತೆರೆದಿರುವ ಹೊತ್ತಿನ ಅಳತೆ.

ರಾತ್ರಿಯ ಒತ್ತಡದ ಬಗ್ಗೆ ಕುತೂಹಲ ಹಳೆಯದೇ. ಇಂಗ್ಲೆಂಡಿನ ಲಿಯೊನಾರ್ಡ್ ಹಿಲ್ 1898ರಲ್ಲೇ ನಿದ್ದೆಯಲ್ಲಿ ಒತ್ತಡ ಇಳಿಯುತ್ತದೆ ಎಂದು ಬರೆದಿದ್ದರು. ಆದರೆ ಮಲಗಿದವರ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದರೆ ಅವರು ಏಳುತ್ತಾರೆ, ಎದ್ದರೆ ಒತ್ತಡ ಏರುತ್ತದೆ. ಈ ತೊಡಕನ್ನು ದಾಟಿದವರು ಆಕ್ಸ್‌ಫರ್ಡಿನವರು. ಬೆವನ್, ಹಾನರ್, ಸ್ಟಾಟ್ ಎಂಬ ಮೂವರು ತೋಳಿನ ಧಮನಿಯೊಳಗೇ ತೆಳ್ಳನೆಯ ನಳಿಕೆ ಇಟ್ಟು, ಮೈಮೇಲೆ ಹೊತ್ತುಕೊಂಡೇ ಓಡಾಡಬಹುದಾದ ಯಂತ್ರಕ್ಕೆ ಅದನ್ನು ಜೋಡಿಸಿದರು. ಜನ ಅದನ್ನು ಕಟ್ಟಿಕೊಂಡು ಮನೆಗೆ ಹೋದರು, ಉಂಡರು, ಕೆಲಸ ಮಾಡಿದರು, ಮಲಗಿದರು. ಹೃದಯದ ಒಂದೊಂದು ಬಡಿತದ ಒತ್ತಡವೂ ದಾಖಲಾಯಿತು. 1969ರಲ್ಲಿ ಪ್ರಕಟವಾದ ಆ ದಾಖಲೆಗಳಲ್ಲಿ ಒಬ್ಬನದೇ ಒತ್ತಡ ಒಂದೇ ದಿನದಲ್ಲಿ ಎಷ್ಟು ಏರುತ್ತದೆ, ನಿದ್ದೆಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಕಂಡಿತು. ಧಮನಿಯಲ್ಲಿ ನಳಿಕೆ ಇಟ್ಟುಕೊಂಡು ಒಂದು ಹಗಲು ಒಂದು ರಾತ್ರಿ ಕಳೆಯಲು ಒಪ್ಪಿದ ಆ ಜನರಿಗೆ ನಾವು ಋಣಿಗಳು. ಅವರಲ್ಲಿ ಯಾರ ಹೆಸರೂ ಪುಸ್ತಕಗಳಲ್ಲಿಲ್ಲ.

1978ರಲ್ಲಿ ಲಂಡನ್ ಬಳಿಯ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಮಿಲ್ಲರ್-ಕ್ರೇಗ್, ಬಿಷಪ್, ರಾಫ್ಟರಿ ಇದೇ ಬಗೆಯಲ್ಲಿ ಅಳೆದು ಇಡೀ ದಿನದ ನಕ್ಷೆ ಬರೆದರು. ಮಧ್ಯಾಹ್ನಕ್ಕೆ ಮುಂಚೆ ಒತ್ತಡ ತುತ್ತತುದಿ ಮುಟ್ಟುತ್ತದೆ, ಸಂಜೆಯ ಕಡೆಗೆ ಇಳಿಯುತ್ತಾ ಹೋಗಿ ನಡುರಾತ್ರಿಯ ನಂತರ ತಳ ಸೇರುತ್ತದೆ, ಎಚ್ಚರವಾಗುವ ಮೊದಲೇ ಮತ್ತೆ ಏರತೊಡಗುತ್ತದೆ. 1988ರಲ್ಲಿ ಡಬ್ಲಿನ್ನಿನ ಇಯೋನ್ ಒ'ಬ್ರಯನ್ ಇನ್ನೊಂದು ಮಾತು ಸೇರಿಸಿದರು: ಎಲ್ಲರ ಒತ್ತಡವೂ ರಾತ್ರಿ ಇಳಿಯುವುದಿಲ್ಲ, ಇಳಿಯದವರಲ್ಲಿ ಪಾರ್ಶ್ವವಾಯು ಹೊಡೆದವರು ಹೆಚ್ಚು. ರಾತ್ರಿ ಶೇಕಡ 10ರಿಂದ 20ರಷ್ಟು ಇಳಿದರೆ ಆರೋಗ್ಯ, ಅಷ್ಟು ಇಳಿಯದಿದ್ದರೆ ಅಪಾಯ ಎಂಬ ಲೆಕ್ಕ ಅಲ್ಲಿಂದ ಬಳಕೆಗೆ ಬಂತು.

ಇಳಿಯದವರ ಸಾಲಿನಲ್ಲಿ ಬೊಜ್ಜು ಮೈಯವರು ಬಹಳ. ಕಾರಣ ಹಲವು. ಕೊಬ್ಬು ಹೆಚ್ಚಿದ ದೇಹದಲ್ಲಿ ನರಗಳ ಉದ್ರೇಕ ಜಾಸ್ತಿ, ಮೂತ್ರಪಿಂಡ ಉಪ್ಪನ್ನು ಬಿಟ್ಟುಕೊಡುವುದಿಲ್ಲ. ಹಗಲು ಹೊರಹಾಕದ ಉಪ್ಪನ್ನು ರಾತ್ರಿ ಹಾಕಲು ಒತ್ತಡ ಮೇಲೆಯೇ ಉಳಿಯಬೇಕಾಗುತ್ತದೆ. ಇನ್ನೊಂದು ಕಾರಣವನ್ನು ಮನೆಮಂದಿಯೆಲ್ಲ ಕೇಳುತ್ತಿರುತ್ತಾರೆ, ಯಾರೂ ಕಾಯಿಲೆ ಎಂದು ತಿಳಿಯುವುದಿಲ್ಲ. ಅದು ಗೊರಕೆ.

1956ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ರೋಗಿಯ ಬಗ್ಗೆ ಬರೆದರು. 51 ವರ್ಷದ ವ್ಯಾಪಾರಸ್ಥ, ತೂಕ 263 ಪೌಂಡ್, ಅಂದರೆ ಸುಮಾರು 119 ಕೆ.ಜಿ. ವಾರಕ್ಕೊಮ್ಮೆ ಇಸ್ಪೀಟಾಡುವ ಗೆಳೆಯರ ನಡುವೆ ಕೂತಿದ್ದಾಗ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿದ್ದವು. ಗೆಲ್ಲುವ ಎಲೆಗಳು. ಅವನ್ನು ಆಡುವ ಮೊದಲೇ ನಿದ್ದೆಹೋದ. ಕೆಲವು ದಿನಗಳ ಮೇಲೆ ಆಸ್ಪತ್ರೆ ಸೇರಿದ. ಚಾರ್ಲ್ಸ್ ಡಿಕನ್ಸ್ ಕಾದಂಬರಿಯಲ್ಲಿ ನಿಂತಲ್ಲೇ ತೂಕಡಿಸುವ ದಪ್ಪ ಹುಡುಗನ ನೆನಪಿನಲ್ಲಿ ಬರ್ವೆಲ್ ಈ ಸ್ಥಿತಿಗೆ 'ಪಿಕ್‌ವಿಕ್' ಹೆಸರು ಅಂಟಿಸಿದರು. ಇಂಥವರ ನಿದ್ದೆಯನ್ನೇ ಗಮನಿಸಿದಾಗ, ಗಂಟಲ ದಾರಿ ಮುಚ್ಚಿ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ ಎಂಬುದು 1960ರ ದಶಕದಲ್ಲಿ ಯುರೋಪಿನಲ್ಲಿ ಗೊತ್ತಾಯಿತು. 1972ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಕೊಚ್ಚಾನ್ಯ, ಲುಗಾರೆಸಿ ಮುಂತಾದವರು ನಿದ್ದೆಯುದ್ದಕ್ಕೂ ಧಮನಿಯ ಒತ್ತಡ ದಾಖಲಿಸಿದರು. ಉಸಿರು ನಿಂತು ಮರಳಿದಾಗಲೆಲ್ಲ ಒತ್ತಡ ಮೇಲಕ್ಕೆ ನೆಗೆಯುತ್ತಿತ್ತು. ಬೇರೆಯವರ ದೇಹ ವಿಶ್ರಾಂತಿ ಪಡೆಯುವ ಹೊತ್ತಿನಲ್ಲಿ ಇವರ ಹೃದಯ ಗುಡ್ಡ ಹತ್ತಿ ಇಳಿಯುತ್ತಿತ್ತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲ ದಾರಿ ತೆರೆದಿಡುವ ಯಂತ್ರ ಮಾಡಿದರು. ಈಗ ಸೀಪ್ಯಾಪ್ ಎಂದು ಕರೆಯುವುದು ಅದನ್ನೇ.

ರಾತ್ರಿ ಒತ್ತಡ ಇಳಿಯದಿದ್ದರೆ ರಾತ್ರಿಯೇ ಗುಳಿಗೆ ಕೊಡೋಣ ಎಂಬ ಆಲೋಚನೆ ಸಹಜವಾಗಿ ಹುಟ್ಟಿತು. ಅದಕ್ಕೆ ಇನ್ನೊಂದು ಒತ್ತಾಸೆಯೂ ಸಿಕ್ಕಿತ್ತು: 1985ರಲ್ಲಿ ಅಮೆರಿಕದ ಜೇಮ್ಸ್ ಮುಲ್ಲರ್ ತಂಡ, ಹೃದಯಾಘಾತಗಳು ಬೆಳಿಗ್ಗೆ 9ರ ಸುಮಾರಿಗೆ ಅತಿ ಹೆಚ್ಚು ಎಂದು ತೋರಿಸಿತ್ತು. 1996ರಲ್ಲಿ ಅಮೆರಿಕದಲ್ಲಿ ವೆರಪಾಮಿಲ್‌ನ ವಿಶೇಷ ಗುಳಿಗೆಗೆ ಅನುಮತಿ ಸಿಕ್ಕಿತು. ಮಲಗುವಾಗ ನುಂಗಿದರೆ ಒಳಗೆ ಕೆಲವು ಗಂಟೆ ಸುಮ್ಮನಿದ್ದು ನಸುಕಿಗೆ ಔಷಧಿ ಬಿಡುವ ಗುಳಿಗೆ. ಅದನ್ನು ಹಳೆಯ ಗುಳಿಗೆಗಳ ಜೊತೆ ಹೋಲಿಸಲು 16,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡ ಕನ್ವಿನ್ಸ್ ಅಧ್ಯಯನವನ್ನು, ಹಣ ಹಾಕಿದ ಕಂಪನಿ ವ್ಯಾಪಾರದ ಕಾರಣಕ್ಕೆ ಎರಡು ವರ್ಷ ಮೊದಲೇ ನಿಲ್ಲಿಸಿತು. ನನಗೆ ಇದು ಈ ಇತಿಹಾಸದಲ್ಲೇ ಅತ್ಯಂತ ಬೇಸರದ ಘಟನೆ. ಸಾವಿರಾರು ರೋಗಿಗಳು ವರ್ಷಗಟ್ಟಲೆ ಕೊಟ್ಟ ಸಹಕಾರ ಅರ್ಧಕ್ಕೇ ನಿಂತಿತು.

ಆಮೇಲೆ ಸ್ಪೇನಿನ ವೀಗೋ ನಗರದ ರಾಮೋನ್ ಹೆರ್ಮಿಡಾ ಬಂದರು. 2019ರಲ್ಲಿ ಪ್ರಕಟವಾದ ಅವರ ಹೈಜಿಯಾ ಅಧ್ಯಯನದಲ್ಲಿ 19,084 ಜನ. ಮಲಗುವಾಗ ಗುಳಿಗೆ ತಗೊಂಡವರಲ್ಲಿ ಹೃದಯ ಮತ್ತು ರಕ್ತನಾಳಗಳ ಅನಾಹುತ ಶೇಕಡ 45ರಷ್ಟು ಕಡಿಮೆ ಎಂದರು. ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಧಾರವಾಡಕ್ಕೂ ಬಂತು. ಮೊಬೈಲು ಚಾಚಿ "ನಮ್ಮ ಗುಳಿಗಿ ರಾತ್ರಿಗೆ ಹಚ್ರಿ" ಎನ್ನುವವರು ಅಂಗಡಿಗೆ ಬರತೊಡಗಿದರು. ಹೊತ್ತು ಬದಲಿಸಿದ್ದಕ್ಕೇ ಅಷ್ಟು ಲಾಭವೆಂದರೆ ನಂಬುವುದು ಕಷ್ಟ ಎಂದು ತಜ್ಞರು ಆಗಲೇ ಆಕ್ಷೇಪ ಎತ್ತಿದ್ದರು. ರೋಗಿಗಳನ್ನು ಎರಡು ಗುಂಪಿಗೆ ಹಂಚಿದ ಕ್ರಮದ ಬಗ್ಗೆಯೂ ಪ್ರಶ್ನೆಗಳೆದ್ದವು.

ಉತ್ತರ ಬಂದದ್ದು ಸ್ಕಾಟ್ಲೆಂಡಿನ ಡಂಡೀಯಿಂದ. ಟಾಮ್ ಮ್ಯಾಕ್‌ಡೊನಾಲ್ಡ್ ನಡೆಸಿದ ಟೈಮ್ ಅಧ್ಯಯನದಲ್ಲಿ 21,104 ಜನ ಮನೆಯಲ್ಲೇ ಇದ್ದು ಭಾಗವಹಿಸಿದರು. ಅರ್ಧ ಜನ ಬೆಳಿಗ್ಗೆ 6ರಿಂದ 10ರೊಳಗೆ, ಅರ್ಧ ಜನ ರಾತ್ರಿ 8ರಿಂದ 12ರೊಳಗೆ ತಮ್ಮ ಎಂದಿನ ಗುಳಿಗೆಗಳನ್ನೇ ತಗೊಂಡರು. ಐದು ವರ್ಷಕ್ಕೂ ಮೇಲ್ಪಟ್ಟು ಕಾದು ನೋಡಿ 2022ರಲ್ಲಿ ಫಲಿತಾಂಶ ಹೇಳಿದರು: ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತನಾಳದ ಕಾರಣದ ಸಾವು ಕಂಡವರು ರಾತ್ರಿ ಗುಂಪಿನಲ್ಲಿ ಶೇಕಡ 3.4, ಬೆಳಗಿನ ಗುಂಪಿನಲ್ಲಿ 3.7. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ಗಣನೀಯ ವ್ಯತ್ಯಾಸವಲ್ಲ. ಕೆನಡಾದಲ್ಲಿ ಸ್ಕಾಟ್ ಗ್ಯಾರಿಸನ್ 3,357 ಜನರೊಂದಿಗೆ ನಡೆಸಿದ ಬೆಡ್‌ಮೆಡ್ ಅಧ್ಯಯನವೂ 2025ರಲ್ಲಿ ಅದನ್ನೇ ಹೇಳಿತು. ರಾತ್ರಿ ಲಾಭವಿಲ್ಲ, ಹಾನಿಯೂ ಇಲ್ಲ. 2024ರ ಯುರೋಪಿನ ಮಾರ್ಗಸೂಚಿ, ರೋಗಿಗೆ ಅನುಕೂಲವಾದ, ರೂಢಿ ಬೀಳುವ ಹೊತ್ತಿಗೆ ಗುಳಿಗೆ ತಗೊಳ್ಳಲಿ ಎಂದು ಬರೆಯಿತು.

ಇದರಲ್ಲಿ ಆಶ್ಚರ್ಯ ಪಡುವಂಥದ್ದು ನನಗೆ ಕಾಣಲಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿ.ಪಿ. ಗುಳಿಗೆಗಳಲ್ಲಿ ಅಮ್ಲೋಡಿಪಿನ್ ಒಂದು. ಮೈಯಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ದಿನಾ ತಗೊಳ್ಳುವವರ ರಕ್ತದಲ್ಲಿ ಅದು ಹಗಲೂ ರಾತ್ರಿಯೂ ಇದ್ದೇ ಇರುತ್ತದೆ. ಎನಲಾಪ್ರಿಲ್‌ನಂತಹ ಕಡಿಮೆ ಹೊತ್ತು ನಿಲ್ಲುವ ಗುಳಿಗೆಗಳ ಮಾತು ಬೇರೆ, ಅದನ್ನು ಡಾಕ್ಟರೇ ನೋಡಿ ಹೇಳಬೇಕು.

ಆದರೆ ಈ ದೊಡ್ಡ ಅಧ್ಯಯನಗಳು ಸ್ಥೂಲಕಾಯದವರಿಗೆಂದೇ ನಡೆದವಲ್ಲ. ಉಸಿರು ನಿಲ್ಲುವ ನಿದ್ದೆಯವರನ್ನು ಬೇರೆಯಾಗಿ ನೋಡಿದವರಿದ್ದಾರೆ. 2015ರಲ್ಲಿ ಅಥೆನ್ಸ್‌ನವರು ಒಂದು ಚಿಕ್ಕ ಗುಂಪಿನಲ್ಲಿ ಬೆಳಿಗ್ಗೆ ಮತ್ತು ಸಂಜೆ ಗುಳಿಗೆ ಬದಲಾಯಿಸಿ ನೋಡಿದರು. ಹೊತ್ತು ಬದಲಿಸಿದ್ದರಿಂದ ಬದಲಾವಣೆ ಕಾಣಲಿಲ್ಲ. ಗುಳಿಗೆಯ ಜೊತೆಗೆ ಸೀಪ್ಯಾಪ್ ಹಾಕಿಕೊಂಡಾಗ ರಾತ್ರಿಯ ಒತ್ತಡ ಇನ್ನಷ್ಟು ಇಳಿಯಿತು. ಟೈಮ್ ಅಧ್ಯಯನದ 5,358 ಜನರನ್ನು ಆಮೇಲೆ ವಿಚಾರಿಸಿದಾಗ ಇನ್ನೊಂದು ಸುಳಿವು ಸಿಕ್ಕಿದೆ. ಬೇಗ ಏಳುವ ಸ್ವಭಾವದವರು ಬೆಳಿಗ್ಗೆ, ತಡವಾಗಿ ಮಲಗುವ ಸ್ವಭಾವದವರು ರಾತ್ರಿ ತಗೊಂಡಾಗ ಹೃದಯಾಘಾತ ಕಡಿಮೆ ಕಂಡಿದೆ. ಇದು ಸುಳಿವು ಮಾತ್ರ. ಹೊಸ ಪ್ರಯೋಗ ನಡೆದು ಖಚಿತವಾಗಬೇಕು. ದಪ್ಪ ಮೈಯವರನ್ನೇ ಸೇರಿಸಿ, ಸರಿಯಾದ ಪಟ್ಟಿ ಕಟ್ಟಿ, ರಾತ್ರಿಯಿಡೀ ಅಳೆದು, ಗೊರಕೆಯನ್ನೂ ಲೆಕ್ಕಕ್ಕೆ ತಗೊಂಡು ಅದನ್ನು ಮಾಡಬೇಕೆಂಬುದು ನನ್ನ ಆಸೆ. ನಮ್ಮ ದೇಶದಲ್ಲೇ ನಡೆದರೆ ಇನ್ನೂ ಒಳ್ಳೆಯದು. 2009ರ ಭಾರತೀಯ ತಜ್ಞರ ಒಮ್ಮತದ ಪ್ರಕಾರ ನಮ್ಮವರಲ್ಲಿ ಬಿ.ಎಂ.ಐ. 25ಕ್ಕೇ ಬೊಜ್ಜು ಶುರು. ಪಶ್ಚಿಮದ 30ರ ಲೆಕ್ಕ ಹಿಡಿದು ಬರೆದ ಉತ್ತರ ನಮ್ಮ ಮೈಗೆ ಹಾಗೇ ಒಪ್ಪಬೇಕೆಂದಿಲ್ಲ.

ಖಾನಾವಳಿಯ ಅಕ್ಕನಿಗೆ ದೊಡ್ಡ ಪಟ್ಟಿ ಕಟ್ಟಿದಾಗ ಒತ್ತಡ ಮೊದಲಿನ ಅಂಕಿಗಿಂತ ಕಡಿಮೆ ಬಂತು, ಆದರೂ ಗುಳಿಗೆ ಬೇಕಾಗುವಷ್ಟು ಏರಿಯೇ ಇತ್ತು. "ರಾತ್ರಿ ಗೊರಕಿ ಹೊಡೀತೀರೇನ್ರೀ ಅಕ್ಕಾರ?" ಎಂದು ಕೇಳಿದೆ. ಜೊತೆಗೆ ಬಂದ ಮಗಳು ಉತ್ತರ ಕೊಟ್ಟಳು: "ಬಾಜೂ ಮನಿ ತನ ಕೇಳಸ್ತೈತ್ರೀ ಕಾಕಾ. ನಡುವ ಉಸರು ನಿಂತಂಗ ಆಗಿ ನಾನs ಎಬ್ಬಸ್ತೇನ್ರೀ." ಅದನ್ನೇ ಒಂದು ಚೀಟಿಯಲ್ಲಿ ಬರೆದು ಅವರ ಡಾಕ್ಟರಿಗೆ ಕಳಿಸಿಕೊಟ್ಟೆ. ಡಾಕ್ಟರು ಅಮ್ಲೋಡಿಪಿನ್ನನ್ನು ರಾತ್ರಿ ಊಟದ ನಂತರಕ್ಕೆ ಹಾಕಿದರು, ನಿದ್ದೆಯ ಪರೀಕ್ಷೆಗೆ ಹುಬ್ಬಳ್ಳಿಗೆ ಬರೆದುಕೊಟ್ಟರು. ಖಾನಾವಳಿ ಮುಚ್ಚಿ ಪಾತ್ರೆ ಬೋರಲು ಹಾಕಿದ ಮೇಲೆ ಮಗಳು ನೀರಿನ ಲೋಟದ ಜೊತೆ ಗುಳಿಗೆ ಕೊಡುತ್ತಾಳೆ. ಪರೀಕ್ಷೆಯ ದಿನ ಇನ್ನೂ ಗೊತ್ತಾಗಿಲ್ಲ.